‘ಅಟೋನ್‌ಮೆಂಟ್’ ಪದವೂ ನಮ್ಮ ಪ್ರಸಂಗಪೀಠವೂ

ಶುಭ ಶುಕ್ರವಾರದ ಪ್ರಸಂಗಗಳಲ್ಲಿ ‘ಅಟೋನ್‌ಮೆಂಟ್’ ಎಂಬ ಇಂಗ್ಲಿಷ್ ನಾಮಪದವನ್ನು ‘ಅಟ್–ಒನ್–ಮೆಂಟ್’ ಎಂದು ಬಿಡಿಸಿ, ದೇವರೊಡನೆ ಒಂದಾಗುವುದೇ ಅದರ ಅರ್ಥವೆಂದು ಬೋಧಿಸುವುದು ರೂಢಿಯಾಗಿದೆ. ಪದದ ಹುಟ್ಟಿನ ಮಟ್ಟಿಗೆ ಈ ವಿವರಣೆ ಸರಿಯೇ. ಆದರೆ ಪದದ ಹುಟ್ಟು ಅದರ ಅರ್ಥವನ್ನು ನಿರ್ಣಯಿಸಲಾರದೆಂದು ಜೇಮ್ಸ್ ಬಾರ್ 1961ರಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಇಲ್ಲಿಗೆ ಚೆನ್ನಾಗಿ ಸಲ್ಲುತ್ತದೆ.

ಪದವನ್ನು ಸೃಷ್ಟಿಸಿದವನು ವಿಲಿಯಂ ಟಿಂಡೇಲ್ ಎಂಬ ಮಾತೂ ಪೂರ್ತಿ ನಿಜವಲ್ಲ. ಮುಂದೆ ಅವನ ಕಡುವಿರೋಧಿಯಾದ ಥಾಮಸ್ ಮೋರ್, ಸುಮಾರು 1513ರಲ್ಲಿ ಬರೆಯತೊಡಗಿದ ಮೂರನೆಯ ರಿಚರ್ಡನ ಚರಿತ್ರೆಯಲ್ಲಿ ಇದನ್ನು ಬಳಸಿದ್ದಾನೆ. ಅಲ್ಲಿ ಅದು ಪ್ರಭುಗಳ ರಾಜಿಯ ಹೆಸರು. ಮರಣಶಯ್ಯೆಯಲ್ಲಿದ್ದ ನಾಲ್ಕನೆಯ ಎಡ್ವರ್ಡನ ಮುಂದೆ ಅವರು ಒಂದಾದರು. ಒಳಗಿನ ಹಗೆ ಮಾತ್ರ ಆರಲಿಲ್ಲ. ಬರಿಯ ಒಂದಾಗುವಿಕೆ ಎಷ್ಟು ತೆಳುವಾಗಿರಬಹುದೆಂಬುದಕ್ಕೆ ಈ ಆರಂಭದ ಬಳಕೆಯೇ ಸಾಕ್ಷಿ.

ಟಿಂಡೇಲ್ 1526ರಲ್ಲಿ ರೋಮಾಪುರದವರಿಗೆ 5:11ರ ‘ಕತಲ್ಲಗೆ’ಗೆ ಈ ಪದವನ್ನು ಕೊಟ್ಟನು. 1530ರ ಪಂಚಗ್ರಂಥಗಳಲ್ಲಿ ಯಜ್ಞದ ಮೂಲಕ ದೋಷ ನೀಗಿಸುವ ಇಬ್ರಿಯ ಕ್ರಿಯೆ ‘ಕಿಪ್ಪೆರ್’ಗೂ ಅದನ್ನೇ ಬಳಸಿದನು. ಹೀಗೆ ಮುರಿದ ಸಂಬಂಧ ಕೂಡುವುದು, ದೋಷ ನೀಗುವುದು ಎಂಬ ಎರಡು ಸಂಗತಿಗಳು ಒಂದೇ ನಾಮಪದದಡಿ ಸೇರಿದವು. 1611ರ ಭಾಷಾಂತರದ ಹೊಸ ಒಡಂಬಡಿಕೆಯಲ್ಲಿ ಅದು ಉಳಿದದ್ದು ಈ ಒಂದೇ ವಚನದಲ್ಲಿ. 1881ರ ಪರಿಷ್ಕಾರಕರು ಅಲ್ಲಿಂದಲೂ ಅದನ್ನು ತೆಗೆದರು. ಇಂಗ್ಲಿಷಿನವರೇ ತಿದ್ದಿಕೊಂಡ ಗೋಜಲನ್ನು ನಾವು ಏಕೆ ಎರವಲು ತರಬೇಕು? ಕನ್ನಡದಲ್ಲಿ ‘ದೋಷಪರಿಹಾರ’ ಬೇರೆ, ‘ಸಂಧಾನ’ ಬೇರೆ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಇಂಗ್ಲಿಷ್ ಪದವನ್ನು ಬಿಡಿಸಿ ಹೇಳಿದ ಬೋಧಕರು ಮರುವಾಕ್ಯದಲ್ಲೇ ಅದನ್ನು ‘ಪ್ರಾಯಶ್ಚಿತ್ತ’ವೆಂದು ಕನ್ನಡಿಸುತ್ತಾರೆ. ಪ್ರಾಯಶ್ಚಿತ್ತವನ್ನು ನಾವು ‘ಮಾಡಿಕೊಳ್ಳು’ತ್ತೇವೆ, ತಪ್ಪಿದವನೇ ಅದರ ಕರ್ತೃ. ಪೌಲನಾದರೋ ಸಂಧಾನವನ್ನು ನಾವು ಹೊಂದಿದೆವು ಎನ್ನುತ್ತಾನೆ. 2 ಕೊರಿಂಥ 5:18ರಲ್ಲಿ ಸಂಧಾನಪಡಿಸುವವನು ದೇವರೇ. ವ್ಯಾಕರಣದ ಈ ಅಂತರವನ್ನು ಮರೆತರೆ ಕೃಪೆಯ ಸುವಾರ್ತೆ ಕೇಳುಗರ ಕಿವಿಗೆ ವ್ರತನಿಯಮದಂತೆ ತಲುಪುತ್ತದೆ.

ಹಾಗೆಂದು ಪ್ರಾಯಶ್ಚಿತ್ತವನ್ನು ಶಬ್ದಕೋಶದಿಂದ ಹೊರಗಟ್ಟುವ ವಾದ ನನ್ನದಲ್ಲ. ‘ಒಂದಾಗುವಿಕೆ’ಯ ಬೋಧನೆ ಸಭೆಯ ಕಲಹಗಳಿಗೆ ಇಳಿದಾಗಲೇ ಅದರ ಕೊರತೆ ಕಾಣುತ್ತದೆ. ಹೊಡೆದ ಗಂಡನನ್ನೂ ಹೊಡೆತ ತಿಂದ ಹೆಂಡತಿಯನ್ನೂ ಪ್ರಾರ್ಥನೆಯ ಕೊನೆಗೆ ಕೈಹಿಡಿಸಿ ಮನೆಗೆ ಕಳುಹಿಸುವ ಸಭಾಪಾಲನೆಯನ್ನು ಅದು ಸಲೀಸಾಗಿ ಸಮರ್ಥಿಸುತ್ತದೆ. ಒಪ್ಪದ ಹೆಣ್ಣೇ ಐಕ್ಯಕ್ಕೆ ಅಡ್ಡಿಯಾದಳೆಂಬ ಮಾತು ಆಮೇಲೆ ಹುಟ್ಟುತ್ತದೆ. ಯಾಜಕಕಾಂಡ 6:1–7ರ ಕ್ರಮ ಬೇರೆಯೇ. ನೆರೆಯವನನ್ನು ವಂಚಿಸಿದವನು ಅಪಹರಿಸಿದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಕೂಡಿಸಿ ಕೊಡಬೇಕು. ಕೊಡಬೇಕಾದದ್ದು ಯಾಜಕನಿಗಲ್ಲ, ಆಲಯಕ್ಕಲ್ಲ, ನಷ್ಟಪಟ್ಟವನಿಗೇ. ಅದೂ ಯಜ್ಞವನ್ನು ತರುವ ದಿನದಲ್ಲೇ. ಯಾಜಕನು ದೋಷಪರಿಹಾರ ಮಾಡುವ ಮಾತು ಅಲ್ಲಿ ಬರುವುದು ಇದಾದ ಮೇಲೆ.