ಕರಭಾರವೂ ಲಾವಣಿಯೂ

ಲಾವಣಿಯನ್ನು ಕಾವ್ಯವೆಂದು ಎಣಿಸಬಹುದೋ ಕೂಡದೋ ಎಂಬ ವಿವಾದವು ಹಳೆಯದಾಯಿತು. ಹಲಗಲಿಯ ಬೇಡರ ಲಾವಣಿಯು ಶಾಲೆಯ ಪಠ್ಯಪುಸ್ತಕವನ್ನೇ ಸೇರಿದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಎತ್ತುವುದು ವ್ಯರ್ಥವು. ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಬೇರೊಂದು ಸಂಗತಿ. ಪರಪ್ರಭುತ್ವದ ಆಜ್ಞೆಗೂ ಕರಭಾರಕ್ಕೂ ನಮ್ಮ ಜನರು ಒಟ್ಟುಗೂಡಿ ಎದುರುನಿಂತ ಬಗೆಯನ್ನು ಈ ಹಾಡುಗಳು ಎಷ್ಟರ ಮಟ್ಟಿಗೆ ಹೇಳುತ್ತವೆ, ಎಷ್ಟನ್ನು ಹೇಳದೆ ಬಿಡುತ್ತವೆ, ಬಿಡುವುದಕ್ಕೆ ಕಾರಣವೇನು ಎಂಬುದೇ ಆ ಸಂಗತಿ.

ಈ ಹಾಡುಗಳಲ್ಲಿ ಹಲವು ಅಳಿಯದೆ ಉಳಿದುದಕ್ಕೆ ಫ್ಲೀಟ್ ಸಾಹೇಬನಿಗೆ ನಾವು ಋಣಿಗಳು. ಶಾಸನವಿದ್ಯೆಯಲ್ಲಿ ಹೆಸರಾಂತ ಈ ಅಧಿಕಾರಿಯು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, 1885 ರಿಂದ ಮುಂದಕ್ಕೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದನು. ತನ್ನ ಸರ್ಕಾರವು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಹಾಡನ್ನು ಅದೇ ಸರ್ಕಾರದ ಸೇವಕನು ಜೋಪಾನಮಾಡಿದುದು ವಿಧಿಯ ವಿನೋದವಲ್ಲವೆ? ಅವುಗಳಲ್ಲಿ ಇನ್‌ಕಂ ಟ್ಯಾಕ್ಸನ್ನು ಕುರಿತ ಲಾವಣಿಯೂ ಒಂದುಂಟು. 1857 ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲೆಂದು 1860 ರಲ್ಲಿ ಜೇಮ್ಸ್ ವಿಲ್ಸನ್ನನು ಈ ದೇಶಕ್ಕೆ ತಂದ ತೆರಿಗೆಯದು. ರಾಜನಲ್ಲ, ಶೂರನಲ್ಲ, ತೆರಿಗೆಯೊಂದು ಹಾಡಿನ ವಸ್ತುವಾದುದೇ ನಮ್ಮ ಸಾಹಿತ್ಯದಲ್ಲಿ ಹೊಸತು.

ಗುಣದಲ್ಲಿ ಮಾತ್ರ ಹಲಗಲಿಯ ಲಾವಣಿಯೇ ಮಿಗಿಲು. 1857 ರಲ್ಲಿ ಅನುಮತಿಯಿಲ್ಲದೆ ಆಯುಧವಿರಿಸಿಕೊಳ್ಳಕೂಡದೆಂಬ ಆಜ್ಞೆ ಬಂದಾಗ ಮುಧೋಳ ಸಂಸ್ಥಾನಕ್ಕೆ ಸೇರಿದ ಆ ಊರಿನ ಬೇಡರು ಒಪ್ಪಲಿಲ್ಲ. ಬೇಡನಿಗೆ ಆಯುಧವು ಅಲಂಕಾರವಲ್ಲ, ಅನ್ನ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾದರು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸುಲಿಗೆಯ ಭಾಗಕ್ಕೆ ಬಂದಾಗ ಲಾವಣಿಕಾರನು ಯುದ್ಧವನ್ನು ಬಿಟ್ಟು, ದಂಡಿನವರು ಹೊತ್ತೊಯ್ದ ಸಾಮಾನುಗಳನ್ನು ಎಣಿಸತೊಡಗುತ್ತಾನೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಕೊಡಲಿ, ಬೀಸುವ ಕಲ್ಲು! ಮಮ್ಮಟನ ಶಿಷ್ಯರು ಇದನ್ನು ಗ್ರಾಮ್ಯದೋಷವೆಂದಾರು. ನಾನೂ ಪಾಠಶಾಲೆಯಲ್ಲಿ ಆ ದೋಷಪ್ರಕರಣವನ್ನು ಬಾಯಿಪಾಠಮಾಡಿದವನೇ. ಆದರೆ ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಹಿಡಿದು ನೋಡಿದರೆ ಇಲ್ಲಿ ಜೀರಿಗೆಗಿಂತ ಉಚಿತವಾದ ಶಬ್ದ ಬೇರೊಂದಿಲ್ಲ. ರಾಜ್ಯ ಹೋದುದಕ್ಕೆ ಅಳುವವರು ಅನೇಕರು. ಒಲೆಯ ಪಕ್ಕದ ಉಪ್ಪು ಹೋದುದಕ್ಕೆ ಅತ್ತ ಕವಿ ಇವನೊಬ್ಬನು. ವೀರದಿಂದ ಹೊರಟ ಹಾಡು ಇಲ್ಲಿ ತಾನಾಗಿಯೇ ಕರುಣಕ್ಕೆ ತಿರುಗುವುದು.

ಇಷ್ಟು ಬಲ್ಲ ಕವಿಯು ಒಂದನ್ನು ಮಾತ್ರ ಅವಸರದಿಂದ ದಾಟುತ್ತಾನೆ. ನಾಲ್ವರು ಕೂಡಿ ಗುಪ್ತಾಲೋಚನೆ ಮಾಡಿದರೆಂದು ಒಂದು ಮಾತು ಹೇಳಿ ಕಾಳಗಕ್ಕೆ ನಡೆಯುತ್ತಾನೆ. ಯಾರು ಯಾರನ್ನು ಕರೆದರು, ಹಿಂಜರಿದವನನ್ನು ಹೇಗೆ ಒಪ್ಪಿಸಿದರು ಎಂಬುದಿಲ್ಲ. ರಾಯಣ್ಣನ ಲಾವಣಿಗಳಲ್ಲಿಯೂ ಹೀಗೆಯೇ. ಅವನು ಸಂಗೊಳ್ಳಿಯ ಶೇತ್‌ಸನದಿ. ಕಂಪೆನಿಯವರು ಅವನ ಹೊಲಕ್ಕೆ ಕೈಯಿಕ್ಕಿ ಉಳಿದುದರ ಮೇಲೆ ಕಂದಾಯ ಹೆಚ್ಚಿಸಿದರು. ಕಚೇರಿಗಳಿಗೆ ಬೆಂಕಿಯಿಟ್ಟುದು ಆ ಲೆಕ್ಕವನ್ನರಿತೇ. ಆದರೂ ನಾನು ಕೇಳಿರುವ ಹಾಡುಗಳಲ್ಲಿ ಅವನ ಕತ್ತಿಗಿರುವ ಸ್ಥಳವು ಹೊಲಕ್ಕಿಲ್ಲ. 1831 ರಲ್ಲಿ ನಂದಗಡದಲ್ಲಿ ಅವನನ್ನು ನೇಣಿಗೇರಿಸಿದ ವೃತ್ತಾಂತವೇ ಎಲ್ಲವನ್ನೂ ನುಂಗಿದೆ.

ಇದಕ್ಕೆ ಪ್ರತಿಯಾಗಿ ನಮ್ಮ ಮೈಸೂರು ಸೀಮೆಯ ನಗರದ ದಂಗೆಯನ್ನು ನೋಡಿರಿ. 1799 ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹವನ್ನು ಕಂಪೆನಿಗೆ ತೆರಬೇಕಾಗಿತ್ತು. ಆ ಹೊರೆಯೂ ದರಬಾರಿನ ವೆಚ್ಚವೂ ಅಮಲ್ದಾರರ ಲೋಭವೂ ಸೇರಿ ರೈತನ ಬೆನ್ನಿಗೆ ಬಿದ್ದವು. 1830 ರಲ್ಲಿ ರೈತರು ಊರಿಂದೂರಿಗೆ ಓಲೆ ಕಳುಹಿಸಿ ಕೂಟಗಳನ್ನು ನೆರಪಿದರು. ಕಷ್ಟಗಳಿಗೆ ಪರಿಹಾರ ದೊರೆಯದೆ ಕಂದಾಯ ಕೊಡೆವೆಂದರು. ಬೂದಿ ಬಸವಪ್ಪನು ನಗರದ ದೊರೆಯೆಂದು ತೋರಿಕೊಂಡುದೂ ತರೀಕೆರೆಯ ಪಾಳೆಯಗಾರನು ಸೇರಿದುದೂ ಉಂಟು. ಆದರೆ ಬಲವಿದ್ದುದು ಕೂಟದಲ್ಲಿಯೇ. ಫಲವಾಗಿ 1831 ರಲ್ಲಿ ಬೆಂಟಿಂಕನು ರಾಜ್ಯಭಾರವನ್ನೇ ಕೈಗೆ ತೆಗೆದುಕೊಂಡನು. ಅದು ಅರಸುಮನೆತನಕ್ಕೆ ಮರಳಿದುದು 1881 ರಲ್ಲಿ. ಕಮಿಷನರ್ ಕಬ್ಬನ್ನನು 769 ಚಿಲ್ಲರೆ ತೆರಿಗೆಗಳನ್ನು ರದ್ದುಪಡಿಸಿದನೆಂದು ರೈಸರ ಗೆಜೆಟಿಯರು ಹೇಳುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಲಾವಣಿಗೆ ಇದಕ್ಕಿಂತ ಸಾಮಗ್ರಿ ಬೇಕೆ? ಆದರೂ ಹಲಗಲಿಗೆ ದಕ್ಕಿದಂಥ ಹಾಡು ಕೂಟಕ್ಕೆ ದಕ್ಕಲಿಲ್ಲ.

ಕಾರಣವನ್ನು ಲಾವಣಿಕಾರನ ಅಜ್ಞಾನಕ್ಕೆ ಕಟ್ಟುವುದು ನ್ಯಾಯವಲ್ಲ. ವೀರವು ಉತ್ತಮಪ್ರಕೃತಿಯವನಲ್ಲಿ ನೆಲಸುವ ರಸವೆಂದು ಭರತನೇ ವಿಧಿಸಿರುವನು. ಓಲೆ ಬರೆದ ಶಾನುಭೋಗನೂ ಅದನ್ನು ಹೊತ್ತ ತಳವಾರನೂ ಆ ಲಕ್ಷಣಕ್ಕೆ ಒಳಪಡುವರೆ? ಕಾಳಿದಾಸನು ದಿಲೀಪನ ಕರಗ್ರಹಣವನ್ನು ಸೂರ್ಯನ ಜಲಗ್ರಹಣಕ್ಕೆ ಹೋಲಿಸಿ ಕೊಂಡಾಡಿದನು. ಹೀರಿದ ಸೂರ್ಯನು ಮಳೆ ಸುರಿಸದಿದ್ದರೆ ಒಕ್ಕಲು ಏನು ಮಾಡತಕ್ಕದ್ದೆಂಬುದು ರಘುವಂಶದ ಪ್ರಶ್ನೆಯಲ್ಲ. ಇದು ನಮ್ಮೊಬ್ಬರದೇ ಕುರುಡೂ ಅಲ್ಲ. ಇಂಗ್ಲೆಂಡಿನ ಸ್ಟಾಂಪು ತೆರಿಗೆಯನ್ನು 1765 ರಲ್ಲಿ ಪ್ರತಿಭಟಿಸಿದ ಅಮೆರಿಕದ ವಲಸೆಗಾರರು ಆಂಗ್ಲ ಸರಕನ್ನು ಬಹಿಷ್ಕರಿಸಿದರು. 1772 ರಲ್ಲಿ ಬಾಸ್ಟನ್ನಿನಲ್ಲಿ ಪತ್ರವ್ಯವಹಾರದ ಸಮಿತಿಯನ್ನು ಕಟ್ಟಿ ಊರೂರಿಗೆ ಕಾಗದ ಬರೆದರು. ನಮ್ಮ ಕೂಟದ ಓಲೆಗೆ ಅದು ಅಕ್ಕನಂತಿದೆ. ಆದರೆ ಲಾಂಗ್‌ಫೆಲೋ ಕವಿಯು 1861 ರಲ್ಲಿ ಪ್ರಕಟಿಸಿದುದು ಕುದುರೆಯೇರಿದ ಪಾಲ್ ರಿವಿಯರನೊಬ್ಬನ ಪದ್ಯವನ್ನು. ಅದೇ ರಾತ್ರಿ ಬೇರೆ ದಾರಿಯಲ್ಲಿ ಅದೇ ಸುದ್ದಿ ಹೊತ್ತು ಓಡಿದ ವಿಲಿಯಂ ಡಾಸನ ಹೆಸರು ಕೂಡ ಅದರಲ್ಲಿಲ್ಲ.

ನಮ್ಮ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ 2022 ರ ಏಪ್ರಿಲಿನಲ್ಲಿ ಧರಣಿ ಕುಳಿತರು. 2025 ರ ಜುಲೈ 15 ರಂದು ಸರ್ಕಾರವು ಅದನ್ನು ಕೈಬಿಟ್ಟಿತು. ಇದು ಪರಪ್ರಭುತ್ವದ ಮಾತಲ್ಲ, ತೆರಿಗೆಯ ಮಾತೂ ಅಲ್ಲ. ಆದರೂ ಮೂರು ವರ್ಷಕ್ಕೂ ಮಿಕ್ಕು ನಡೆದ ಕೂಟ. ಇದನ್ನು ಲಾವಣಿ ಕಟ್ಟುವ ತರುಣರು ಒಬ್ಬ ಶೂರನನ್ನು ಹುಡುಕಿಕೊಂಡು ಹೋಗದಿರಲಿ. ಹದಿಮೂರು ಊರುಗಳ ಹೆಸರನ್ನು ಪಲ್ಲವಿಗೆ ಹಾಕಿದರೆ ತಾಳವೇನೂ ತಪ್ಪಲಾರದು. ಹಲಗಲಿಯ ಕವಿಯು ಅದಕ್ಕಿಂತ ಉದ್ದವಾದ ಸಾಮಾನಿನ ಪಟ್ಟಿಯನ್ನೇ ಹಾಡಿರುವನು.