ಬಟಾಣಿ ಬಾಯಿಪಾಠ, ಬಿತ್ತನೆ ಗೂಡು ಪಟ್ಟಿಯಲ್ಲಿ

ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪುಸ್ತಕವನ್ನು ಬೈಯುವುದು ಸುಲಭ. ಆದರೂ ಅದರ ಅನುವಂಶೀಯತೆಯ ಅಧ್ಯಾಯ ಚೆನ್ನಾಗಿದೆ ಎನ್ನಲೇಬೇಕು. ಮೆಂಡೆಲ್‌ನ ಬಟಾಣಿಯಿಂದ ಮಾರ್ಗನ್‌ನ ಹಣ್ಣಿನ ನೊಣದವರೆಗೆ ಗಡಿಬಿಡಿಯಿಲ್ಲದೆ ಕರೆದೊಯ್ಯುತ್ತದೆ. 3:1 ಎಲ್ಲಿಂದ ಬಂತೆಂದು ಲೆಕ್ಕ ಬಿಡಿಸಿ ತೋರಿಸುತ್ತದೆ. ನನ್ನ ತಕರಾರಿರುವುದು ಮಾಗಡಿಯಂಥ ಊರಲ್ಲೂ ಅದನ್ನು ಬಟಾಣಿಯಲ್ಲೇ ಮುಗಿಸಿಬಿಡುವ ಬಗ್ಗೆ.

ಮಾಗಡಿ, ಸೋಲೂರು, ಕುಣಿಗಲ್ ಸೀಮೆ ಮೈಸೂರು ತಳಿಯ ರೇಷ್ಮೆ ಬಿತ್ತನೆ ಗೂಡಿಗೆ ಹೆಸರಾದದ್ದು. ಈ ಗೂಡಿನಿಂದ ಬಂದ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿ ಮಿಶ್ರತಳಿ ಮೊಟ್ಟೆ ತೆಗೆಯುತ್ತಾರೆ. ರೈತನ ತಟ್ಟೆಯಲ್ಲಿ ಸೊಪ್ಪು ತಿನ್ನುವುದು ಎಫ್1 ಪೀಳಿಗೆ: ತಾಯಿಯ ತಾಳಿಕೆ, ತಂದೆಯ ರೇಷ್ಮೆ. ಅದರದೇ ಚಿಟ್ಟೆಯಿಂದ ಮತ್ತೆ ಮೊಟ್ಟೆ ಇಡಿಸಿದರೆ ಗುಣಗಳು ಚದುರಿ ಹುಳು ಒಂದೇ ಸಮ ಬರುವುದಿಲ್ಲ. ಅದಕ್ಕೇ ಪ್ರತಿ ಬೆಳೆಗೂ ಹೊಸ ಮೊಟ್ಟೆ. ಮೆಂಡೆಲ್‌ನ ನಿಯಮ ರೇಷ್ಮೆಹುಳುವಿಗೂ ಸಲ್ಲುತ್ತದೆಂದು ಜಪಾನಿನ ತೊಯಾಮಾ 1906ರಲ್ಲೇ ತೋರಿಸಿದ್ದ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಗಂಟುರೋಗದ ಬೀಜಕಣ ಹುಡುಕುವ ಕ್ರಮಕ್ಕೆ ಮೂಲ, 1865ರಲ್ಲಿ ಪ್ಯಾಶ್ಚರ್ ಫ್ರಾನ್ಸಿನಲ್ಲಿ ಕೈಗೆತ್ತಿಕೊಂಡ ಕೆಲಸ. ಹಕ್ಕಿಗಳ ಝಡ್‌ಡಬ್ಲ್ಯೂ ಲಿಂಗನಿರ್ಧಾರ ಪುಸ್ತಕದಲ್ಲಿದೆ. ರೇಷ್ಮೆ ಚಿಟ್ಟೆಯದೂ ಅದೇ ಬಗೆ.

ಇಷ್ಟಿದ್ದೂ ಪ್ರಥಮ ಪಿಯುಸಿ ಪುಸ್ತಕದಲ್ಲಿ ರೇಷ್ಮೆಹುಳು ಬರುವುದು ಸಂಧಿಪದಿಗಳ ಪಟ್ಟಿಯಲ್ಲಿ, ಜೇನುಹುಳು ಮತ್ತು ಅರಗಿನ ಕೀಟದ ನಡುವೆ ಬಾಂಬಿಕ್ಸ್ ಎಂಬ ಬರಿಯ ಹೆಸರಾಗಿ. ಪೊರೆ ಬಿಡುವ ಹುಳುವನ್ನು ಮನೆಯಲ್ಲಿ 'ಜ್ವರಕ್ಕೆ ಕೂತಿದೆ' ಎನ್ನುವ ಹುಡುಗಿ ಕಾಲೇಜಿನಲ್ಲಿ ಆ ಹೆಸರಿನಡಿ ಪೆನ್ಸಿಲ್ ಗೆರೆ ಎಳೆದು ಪುಟ ಮಗುಚುತ್ತಾಳೆ. ತಪ್ಪು ಅವಳದಲ್ಲ. ನೀಟ್‌ನ 720 ಅಂಕದಲ್ಲಿ 360 ಜೀವಶಾಸ್ತ್ರದ್ದು, ಪ್ರಶ್ನೆ ಹೆಚ್ಚಾಗಿ ಪುಸ್ತಕದ ಸಾಲಿನಿಂದಲೇ ಏಳುತ್ತದೆ. ಜೊತೆಗೆ ಒಳಸಂಕರಣ, ಹೊರಸಂಕರಣ, ತಳಿ ಅಭಿವೃದ್ಧಿಯನ್ನು ಒಂದೆಡೆ ವಿವರಿಸುತ್ತಿದ್ದ ಆಹಾರೋತ್ಪಾದನೆಯ ಅಧ್ಯಾಯವನ್ನು 2023ರ ಪುಸ್ತಕದಿಂದ ಕೈಬಿಟ್ಟರು. ಹೊರೆ ಇಳಿಸುವ ನೆಪದಲ್ಲಿ ನಮ್ಮ ಸೀಮೆಗೆ ಅತಿ ಹತ್ತಿರದ ಪಾಠವೇ ಹೋಯಿತು.

ದೇಶಕ್ಕೆಲ್ಲ ಒಂದೇ ಪುಸ್ತಕವಾದಾಗ ಮಾಗಡಿಯ ಗೂಡು ಅದರಲ್ಲಿ ಇರಲೇಬೇಕೆಂದು ಹಟ ಹಿಡಿಯುವುದು ಅತಿಯಾದೀತು. ಪೋರ್ಷನ್ ಮುಗಿಸುವುದೇ ಕಷ್ಟ ಎಂಬ ಉಪನ್ಯಾಸಕರ ಮಾತನ್ನೂ ಒಪ್ಪೋಣ. ಆದರೆ ಪ್ರಯೋಗ ತರಗತಿಯೊಂದು ಇದ್ದೇ ಇದೆಯಲ್ಲ! ಅಲ್ಲಿ ರೆಕಾರ್ಡ್ ಪುಸ್ತಕಕ್ಕೆ ಚಿತ್ರ ನಕಲು ಮಾಡುವ ಒಂದು ಮಧ್ಯಾಹ್ನದಲ್ಲಿ ಎರಡು ತಳಿಯ ಗೂಡನ್ನೂ ಅವುಗಳ ಮಿಶ್ರತಳಿಯ ಗೂಡನ್ನೂ ಮೇಜಿನ ಮೇಲಿಟ್ಟು, ಬಣ್ಣ ನೋಡಿಸಿ, ತೂಗಿಸಿ, ಯಾವ ಗುಣ ಯಾರ ಕಡೆಯದೆಂದು ಮಕ್ಕಳನ್ನೇ ಕೇಳಬಹುದು. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.