ನಾಲ್ಕು ಸ್ವರ

ಯಲ್ಲದಕೆರೆಯಲ್ಲಿ ರಾತ್ರಿ ಹತ್ತಾದರೆ ಊರು ಮಲಗಿರುತ್ತದೆ. ಮಾಳಿಗೆಯ ಮೇಲೆ ಚಾಪೆ ಹಾಸಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕೇಳುತ್ತೇನೆ. ಮೊದಲು 1967ರ ಚೊಚ್ಚಲ ಆಲ್ಬಂ. ತಂಡದ ಸಿಡ್ ಬ್ಯಾರೆಟ್ ಗಿಟಾರಿನ ತಂತಿಗಳ ಮೇಲೆ ಸಿಗರೇಟ್ ಲೈಟರ್ ಜಾರಿಸುತ್ತಿದ್ದ; ಆ ಸದ್ದು ಪ್ರತಿಧ್ವನಿಯ ಯಂತ್ರ ಹೊಕ್ಕು ಎಲ್ಲೆಲ್ಲೋ ಚದುರುತ್ತಿತ್ತು. ‘ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್’ ಹತ್ತಿರ ಹತ್ತು ನಿಮಿಷ ಮಾತಿಲ್ಲದೆ ಅಲೆಯುತ್ತದೆ. ದಾರಿ ತಪ್ಪುವುದೇ ಅಲ್ಲಿನ ಸುಖ.

1968ರಲ್ಲಿ, ಮನಸ್ಸು ಕದಡಿದ ಬ್ಯಾರೆಟ್ ತಂಡದಿಂದ ದೂರವಾದ. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹೊತ್ತಿಗೆ ಉಳಿದವರ ಕೈ ಪಳಗಿತ್ತು. ‘ಮನಿ’ ಹಾಡಿಗಾಗಿ ಚಿಲ್ಲರೆ ಕಾಸಿನ, ಗಲ್ಲಾಪೆಟ್ಟಿಗೆಯ ಸದ್ದುಗಳ ಟೇಪನ್ನು ಅಳೆದು, ಕತ್ತರಿಸಿ, ಅಂಟಿಸಿದರು. ಅವು ಏಳರ ಎಣಿಕೆಗೆ ಸರಿಯಾಗಿ ಬೀಳುತ್ತವೆ. ಮಿಶ್ರಛಾಪು ಕೇಳಿ ಬೆಳೆದ ಕೈ ತಾನಾಗಿಯೇ ತೊಡೆ ತಟ್ಟುತ್ತದೆ.

ನನ್ನ ಎದೆಗೆ ತೀರಾ ಹತ್ತಿರದ್ದು 1975ರ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’. ತಂಡದ ಡೇವಿಡ್ ಗಿಲ್ಮೋರ್‌ನ ಗಿಟಾರಿನಲ್ಲಿ ನಾಲ್ಕೇ ಸ್ವರ, ತಂತಿ ಸುಮ್ಮನಾಗುವವರೆಗೂ ಬಿಟ್ಟು ನುಡಿಸಿದ್ದು. ಅಲೆದಾಟವೆಲ್ಲ ಅಲ್ಲಿ ನೋವಾಗಿ ಹೆಪ್ಪುಗಟ್ಟಿದೆ. ಹಾಡು ಬ್ಯಾರೆಟ್‌ನ ಕುರಿತದ್ದು. ಅದರ ಕೆಲಸ ನಡೆಯುತ್ತಿದ್ದಾಗ ಒಂದು ದಿನ ಅವನೇ ಲಂಡನ್ನಿನ ಸ್ಟುಡಿಯೋಗೆ ಬಂದ, ಮೈ ದಪ್ಪಗಾಗಿ, ತಲೆ, ಹುಬ್ಬು ಬೋಳಿಸಿಕೊಂಡು. ಹಳೆಯ ಗೆಳೆಯರಿಗೆ ಮೊದಲು ಗುರುತೇ ಹತ್ತಲಿಲ್ಲ.